ಒಂದರಿಂದ ಐದನೆಯ ತರಗತಿಯ ಮಕ್ಕಳು ಎಲ್ಲಿದ್ದಾರೆ?

2021ರ ಸೆಪ್ಟೆಂಬರ್ 6ರಂದು ರಾಜ್ಯದಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆಗಳು ಪುನರಾರಂಭಗೊಂಡವು. ಅದೇ ದಿನ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಮಹಾನಗರ ಪಾಲಿಕೆಗಳ ಚುನಾವಣೆಯ ಮತ ಎಣಿಕೆಯೂ ನಡೆಯಿತು. ಪಾಲಿಕೆಯ ಗದ್ದುಗೆ ಯಾರಿಗೆ ಎಂಬ ಚರ್ಚೆ ವಾರವಿಡೀ ಮುಗಿಯಲಿಲ್ಲ; ಶಾಲೆಯ ಸುದ್ದಿ ಒಂದೇ ದಿನದಲ್ಲಿ ಹಿಂದೆ ಸರಿಯಿತು. ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲೇರಿದ್ದು ಸಂತೋಷದ ಸಂಗತಿಯೇ. ಆದರೆ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಆಗ ಶಾಲೆ ಇನ್ನೂ ತೆರೆದಿರಲಿಲ್ಲ, ಅಂಗನವಾಡಿಗಳೂ ತೆರೆದಿರಲಿಲ್ಲ. ಯಾವಾಗ ತೆರೆಯುವುದೆಂಬ ಖಚಿತ ದಿನಾಂಕವೂ ಈ ಬರಹ ಸಿದ್ಧವಾಗುವ ಹೊತ್ತಿಗೆ ಪ್ರಕಟವಾಗಿರಲಿಲ್ಲ. ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಆಗ ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಈ ಕುರಿತು ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ದಾಖಲಿಸುವುದು ಅಗತ್ಯವೆಂದು ಭಾವಿಸಿದ್ದೇವೆ.

2020ರ ಮಾರ್ಚ್ ಎರಡನೆಯ ವಾರವನ್ನು ನೆನಪಿಸಿಕೊಳ್ಳಬೇಕು. ದೇಶದ ಮೊದಲ ಕೋವಿಡ್ ಸಾವು ಮಾರ್ಚ್ 10ರಂದು ನಮ್ಮ ಕಲಬುರಗಿಯವರೊಬ್ಬರದಾಗಿತ್ತು. ಮಾರ್ಚ್ 14ರಿಂದ ರಾಜ್ಯ ಸರ್ಕಾರ ಜಾತ್ರೆ, ಮದುವೆ, ಚಿತ್ರಮಂದಿರಗಳಿಗೆಲ್ಲ ಒಂದು ವಾರದ ನಿರ್ಬಂಧ ವಿಧಿಸಿತು. ಶಾಲೆಗಳು ಅದೇ ಸಮಯದಲ್ಲಿ ಮುಚ್ಚಿದವು. ಬೆಂಗಳೂರಿನ ಕಿರಿಯ ಮಕ್ಕಳ ತರಗತಿಗಳು ಅದಕ್ಕೂ ಕೆಲವು ದಿನ ಮೊದಲೇ ಮುಚ್ಚಿದ್ದವು. ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್ ಬಂದದ್ದು ಆಮೇಲೆ. ಎಲ್ಲಕ್ಕಿಂತ ಮೊದಲು ಮುಚ್ಚಿದ್ದು ಪುಟ್ಟ ಮಕ್ಕಳ ತರಗತಿ. ಆಗ ಅದು ಸರಿಯಾದ ನಿರ್ಧಾರವೇ ಆಗಿತ್ತು. ರೋಗದ ಸ್ವಭಾವವೇನೆಂದು ಯಾರಿಗೂ ತಿಳಿದಿರಲಿಲ್ಲ. ಮಕ್ಕಳನ್ನು ಪ್ರಯೋಗಕ್ಕೆ ಒಡ್ಡಲು ಯಾವ ತಂದೆ ತಾಯಿ ಒಪ್ಪಿಯಾರು?

ಆದರೆ ಅಲ್ಲಿಂದ ಮುಂದಿನ ಕ್ರಮವನ್ನು ಗಮನಿಸಿ. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದವು. ಜೂನ್ 8ರಂದು ದೇವಾಲಯ, ಹೋಟೆಲು, ಮಾಲ್‌ಗಳು ತೆರೆದವು. ನಮ್ಮ ಮಠಗಳ ಬಾಗಿಲೂ ಆಗಲೇ ತೆರೆಯಿತು. ಅಕ್ಟೋಬರ್‌ನಲ್ಲಿ ಚಿತ್ರಮಂದಿರಗಳಿಗೆ ಅನುಮತಿ ದೊರೆಯಿತು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ತರಗತಿಗಳು ಆರಂಭವಾದದ್ದು 2021ರ ಜನವರಿ 1ರಂದು. ಒಂಬತ್ತನೆಯ ತರಗತಿ ಫೆಬ್ರವರಿ 1ಕ್ಕೆ, ಆರರಿಂದ ಎಂಟು ಫೆಬ್ರವರಿ 22ಕ್ಕೆ ತೆರೆದವು. ಒಂದರಿಂದ ಐದರ ಸರದಿ ಬರುವ ಮೊದಲೇ ಎರಡನೆಯ ಅಲೆ ಎದ್ದಿತು, ಏಪ್ರಿಲ್ ಆರಂಭದಲ್ಲಿ ತರಗತಿಗಳು ಮತ್ತೆ ನಿಂತವು. ಎರಡನೆಯ ಅಲೆ ಇಳಿದ ಮೇಲೂ ಇದೇ ಸಾಲು: ಜುಲೈ 5ಕ್ಕೆ ದೇವಾಲಯ ಮತ್ತು ಮಾಲ್, 19ಕ್ಕೆ ಚಿತ್ರಮಂದಿರ, 26ಕ್ಕೆ ಕಾಲೇಜು, ಆಗಸ್ಟ್ 23ಕ್ಕೆ ಒಂಬತ್ತನೆಯ ತರಗತಿಯಿಂದ ಮೇಲಿನವು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಸಾಲಿನ ಕಟ್ಟಕಡೆಯಲ್ಲಿ ನಿಂತದ್ದು ಆರು ವರ್ಷದ ಮಗು.

ಹದಿನೆಂಟು ತಿಂಗಳೆಂದರೆ ಏನೆಂಬುದನ್ನು ದೊಡ್ಡವರ ಲೆಕ್ಕದಿಂದ ಅಳೆಯಲಾಗದು. 2019ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಒಂದು ವರ್ಷವೂ ತುಂಬದಂತೆ ಓದಿ, 2021ರಲ್ಲಿ ಕಾಗದದ ಮೇಲೆ ಮೂರನೆಯ ತರಗತಿಯಲ್ಲಿತ್ತು. 2020ರಲ್ಲಿ ಸೇರಿದ ಮಗು ಶಾಲೆಯ ಕೊಠಡಿಯಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಅದಕ್ಕೆ ಆಗ ಎರಡನೆಯ ತರಗತಿಯ ಪುಸ್ತಕ ಕೊಟ್ಟಿದ್ದರು. ಅಕ್ಷರ ಕೂಡಿಸಿ ಓದುವುದನ್ನು, ಹತ್ತರ ಮೇಲೆ ಕೂಡಿ ಕಳೆಯುವುದನ್ನು ಮಗು ಕಲಿಯುವುದು ಈ ಮೂರು ವರ್ಷಗಳಲ್ಲೇ. ಎಂಟನೆಯ ತರಗತಿಯ ಹುಡುಗ ಒಂದು ವರ್ಷದ ಪಾಠ ತಪ್ಪಿಸಿಕೊಂಡರೆ ಓದಲು ಬರುವ ಕಾರಣ ಹೇಗೋ ಹಿಂದಿನದನ್ನು ತುಂಬಿಕೊಳ್ಳಬಲ್ಲ. ಓದಲೇ ಬಾರದ ಮಗು ಯಾವುದರಿಂದ ತುಂಬಿಕೊಳ್ಳಬೇಕು?

ಇದು ಕೇವಲ ನಮ್ಮ ಆತಂಕವಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳ ಕಲಿಕೆಯನ್ನು ಪರೀಕ್ಷಿಸಿತು. ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಶೇ. 92ರಷ್ಟು ಮಕ್ಕಳು ಮರೆತಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ. 82. ಹೊಸದನ್ನು ಕಲಿಯಲಿಲ್ಲವೆಂಬುದು ಒಂದು ನಷ್ಟ. ಕಲಿತದ್ದೂ ಅಳಿಸಿಹೋಯಿತೆಂಬುದು ಮತ್ತೊಂದು. 2021ರ ಸೆಪ್ಟೆಂಬರ್‌ನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಡ್ರೀಜ್ ಮತ್ತು ಸಂಗಡಿಗರು 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ಸಮೀಕ್ಷೆಯ ವರದಿಯನ್ನು ಹೊರತಂದರು. ಅದರ ಪ್ರಕಾರ ಹಳ್ಳಿಗಳಲ್ಲಿ ಆನ್‌ಲೈನ್ ಮೂಲಕ ಕ್ರಮವಾಗಿ ಕಲಿಯುತ್ತಿದ್ದವರು ಶೇ. 8 ಮಾತ್ರ. ಏನನ್ನೂ ಓದದೆ ಕುಳಿತವರು ಶೇ. 37. ಸುಮಾರು ಅರ್ಧದಷ್ಟು ಮಕ್ಕಳು ನಾಲ್ಕಾರು ಪದಗಳಿಗಿಂತ ಹೆಚ್ಚು ಓದಲಾರದೆ ಹೋದರು.

ಆನ್‌ಲೈನ್ ಪಾಠದ ಬಗ್ಗೆ ಇಷ್ಟು ಹೇಳಿದರೆ ಸಾಕು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೆಯ ತರಗತಿಯವರೆಗೆ ಅದನ್ನು ನಿಷೇಧಿಸಿತು, ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಪರ ವಿರೋಧದ ವಾದಗಳು ನಗರಗಳಲ್ಲಿ ಬಹುದಿನ ನಡೆದವು. ನಮ್ಮ ಹಳ್ಳಿಗಳಿಗೆ ಮಾತ್ರ ಆ ನಿಷೇಧವೂ ತಟ್ಟಲಿಲ್ಲ, ತಡೆಯೂ ತಟ್ಟಲಿಲ್ಲ. ಮನೆಗೊಂದೇ ಮೊಬೈಲು, ಅದು ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಇಬ್ಬರು ಮಕ್ಕಳಿದ್ದರೆ ದೊಡ್ಡವನಿಗೆ ಮೊದಲು, ಹುಡುಗಿಗೆ ಕೊನೆಗೆ. ಮಲೆನಾಡಿನಲ್ಲಿ ಸಿಗ್ನಲ್ ಅರಸಿ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡು ನಾವೆಲ್ಲ ಆ ಮಕ್ಕಳ ಛಲವನ್ನು ಹೊಗಳಿದೆವು. ಹೊಗಳಿಕೆಗಿಂತ ನಾಚಿಕೆಯೇ ಹೆಚ್ಚು ಸೂಕ್ತವಾಗಿತ್ತೇನೋ.

ಇವೆಲ್ಲದರ ನಡುವೆ ಒಂದು ಒಳ್ಳೆಯ ಪ್ರಯತ್ನ ನಡೆದದ್ದನ್ನು ಮರೆಯಬಾರದು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು, ಅನೇಕ ಊರುಗಳಲ್ಲಿ ಮಠದ ಅಂಗಳ, ಎಲ್ಲವೂ ತರಗತಿಗಳಾದವು. ಸಣ್ಣ ಸಣ್ಣ ಗುಂಪುಗಳಲ್ಲಿ ಮಕ್ಕಳು ಕುಳಿತರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು ಅಕ್ಟೋಬರ್ 10ರಂದು ಅದನ್ನು ಸ್ಥಗಿತಗೊಳಿಸಲಾಯಿತು. ಲಸಿಕೆ ಇಲ್ಲದ ಆ ದಿನಗಳಲ್ಲಿ ಶಿಕ್ಷಕರ ಭಯ ಸಹಜವಾದದ್ದು; ಅವರಲ್ಲಿ ಹಲವರು ಪ್ರಾಣವನ್ನೇ ತೆತ್ತರು. ಆದರೂ ಬಯಲಿನಲ್ಲಿ, ಚಿಕ್ಕ ಗುಂಪಿನಲ್ಲಿ, ತಮ್ಮ ಕೇರಿಯಲ್ಲೇ ಮಕ್ಕಳಿಗೆ ಕಲಿಸಬಹುದೆಂಬುದನ್ನು ಆ ಎರಡು ತಿಂಗಳು ತೋರಿಸಿಕೊಟ್ಟವು.

ನಿರ್ಬಂಧಗಳೇ ಬೇಡವಾಗಿದ್ದವು ಎಂದು ನಾವು ಹೇಳುತ್ತಿಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಕಂಡ ಯಾರೂ ಹಾಗೆ ಹೇಳಲಾರರು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಭಕ್ತರು ಮಠದ ಕಾರ್ಯಾಲಯಕ್ಕೆ ರಾತ್ರಿಯಿಡೀ ಕರೆ ಮಾಡಿದ ದಿನಗಳವು. ಕೊಪ್ಪಳದ ಗವಿಮಠವು ತನ್ನ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆಯಾಗಿಸಿತು. ಸ್ಮಶಾನಗಳ ಮುಂದೆ ಸಾಲು ಬೆಳೆದಾಗ, ಸ್ವಂತ ಜಮೀನಿನಲ್ಲೇ ಅಂತ್ಯಸಂಸ್ಕಾರ ಮಾಡಲು ಸರ್ಕಾರ ಅನುಮತಿ ನೀಡಬೇಕಾಯಿತು. ಹೊಲದಲ್ಲೇ ಹಿರಿಯರ ಸಮಾಧಿ ಮಾಡುವ ರೂಢಿ ನಮ್ಮವರಲ್ಲಿ ಹೊಸದೇನಲ್ಲ. ಆದರೆ ಲಿಂಗೈಕ್ಯರಾದವರಿಗೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಕರದಲ್ಲಿ ಇಷ್ಟಲಿಂಗವಿರಿಸಿ ಕ್ರಿಯಾಸಮಾಧಿ ಮಾಡುವ ಅವಕಾಶ ಎಷ್ಟೋ ಮನೆಗಳಿಗೆ ದೊರೆಯಲಿಲ್ಲ. ದೇಹವನ್ನು ಮುಟ್ಟುವಂತಿರಲಿಲ್ಲ. ಕವಚ ತೊಟ್ಟ ಅಪರಿಚಿತರು ಆ ಕೆಲಸ ಮುಗಿಸಿದರು. ಆ ನೋವು ಇನ್ನೂ ಆರಿಲ್ಲದ ಭಕ್ತರು ಇಂದಿಗೂ ಬಂದು, ಬಿಟ್ಟುಹೋದ ವಿಧಿಯನ್ನು ಈಗ ಹೇಗೆ ಪೂರೈಸಬೇಕೆಂದು ಪೂಜ್ಯರನ್ನು ಕೇಳುತ್ತಾರೆ. ಬಸವ ಜಯಂತಿ 2020ರ ಏಪ್ರಿಲ್ 26ರಂದೂ 2021ರ ಮೇ 14ರಂದೂ ಮೆರವಣಿಗೆಯಿಲ್ಲದೆ, ಮನೆಮನೆಗಳಲ್ಲೇ ನಡೆಯಿತು. ಸಂತೆಗಳು ನಿಂತು, ಬೆಳೆದ ಹೂವು ತರಕಾರಿಗಳನ್ನು ರೈತರು ಹೊಲದಲ್ಲೇ ಉಳಿಸಿ ಉತ್ತರು. ಇವೆಲ್ಲವನ್ನೂ ಜನ ಸಹಿಸಿದರು, ಏಕೆಂದರೆ ಕಾರಣ ಕಣ್ಣಮುಂದಿತ್ತು.

ಹಾಗಾದರೆ 2021ರ ಸೆಪ್ಟೆಂಬರ್‌ನಲ್ಲಿ ಕಿರಿಯ ಮಕ್ಕಳ ಶಾಲೆಯನ್ನು ಮುಚ್ಚಿಡಲು ಇದ್ದ ಕಾರಣವೇನು? ಮಕ್ಕಳಿಗೆ ಅಪಾಯ ಹೆಚ್ಚೆಂಬ ಭಯ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ಅದನ್ನು ತಿಳಿದವರ ಮಾತಿನ ಮುಂದಿಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮಹಾನಿರ್ದೇಶಕರಾದ ಡಾ. ಬಲರಾಮ್ ಭಾರ್ಗವ ಅವರು 2021ರ ಜುಲೈ ತಿಂಗಳಿನಲ್ಲಿಯೇ, ಶಾಲೆಗಳನ್ನು ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದ ಆರಂಭಿಸುವುದು ವಿವೇಕಯುತವೆಂದು ಹೇಳಿದರು. ಚಿಕ್ಕ ಮಕ್ಕಳು ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂಬುದು ಅವರು ನೀಡಿದ ಕಾರಣ. ಶಿಕ್ಷಕರು ಮತ್ತು ಸಿಬ್ಬಂದಿ ಲಸಿಕೆ ಪಡೆದಿರಬೇಕೆಂಬುದು ಷರತ್ತು. ಅದೇ ಮಂಡಳಿ ಜೂನ್-ಜುಲೈನಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 57.2ರಷ್ಟು ಜನರ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಅಂದರೆ, ಶಾಲೆ ಮುಚ್ಚಿದ್ದಾಗಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಮನೆಯಲ್ಲೋ ಓಣಿಯಲ್ಲೋ ತಗುಲಿ, ಬಹುಪಾಲು ಗೊತ್ತೇ ಆಗದಂತೆ ಹೋಗಿದೆ. ಶಾಲೆಯ ಬಾಗಿಲು ಮುಚ್ಚಿದರೆ ಮಗು ಕೋಟೆಯೊಳಗೆ ಇದ್ದಂತೆ ಎಂಬ ಎಣಿಕೆ ಇದರಿಂದ ಸುಳ್ಳಾಗುತ್ತದೆ.

ಮಕ್ಕಳಿಗೆ ಲಸಿಕೆ ಬರಲಿ, ಆಮೇಲೆ ನೋಡೋಣ ಎಂಬ ಮಾತೂ ಕೇಳಿಬರುತ್ತಿತ್ತು. 2021ರ ಆಗಸ್ಟ್ 20ರಂದು ತುರ್ತು ಬಳಕೆಗೆ ಅನುಮತಿ ಪಡೆದ ಝೈಕೋವ್-ಡಿ ಲಸಿಕೆ ಹನ್ನೆರಡು ವರ್ಷ ತುಂಬಿದವರಿಗೆ ಮಾತ್ರ. ಅದಕ್ಕಿಂತ ಚಿಕ್ಕವರಿಗೆ ಯಾವ ಲಸಿಕೆಯೂ ನಮ್ಮಲ್ಲಿ ಆಗ ಇನ್ನೂ ಇರಲಿಲ್ಲ. ಅದಕ್ಕಾಗಿ ಕಾಯುವುದೆಂದರೆ ಮತ್ತೊಂದು ಶೈಕ್ಷಣಿಕ ವರ್ಷವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಂತಾಗುತ್ತಿತ್ತು. ಲಸಿಕೆ ಬೇಕಾಗಿದ್ದುದು ಶಿಕ್ಷಕರಿಗೆ, ಮನೆಯ ಅಜ್ಜ ಅಜ್ಜಿಯರಿಗೆ. ಶಿಕ್ಷಕರ ದಿನಾಚರಣೆಯೊಳಗೆ ಎಲ್ಲ ಶಿಕ್ಷಕರಿಗೂ ಲಸಿಕೆ ದೊರಕಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಎರಡು ಕೋಟಿಗೂ ಹೆಚ್ಚು ಡೋಸ್‌ಗಳನ್ನು ಹೆಚ್ಚುವರಿಯಾಗಿ ನೀಡುವುದಾಗಿ ಹೇಳಿತ್ತು. ಇನ್ನೂ ಹಿಂಜರಿಯುತ್ತಿರುವ ಹಿರಿಯರು ನಮ್ಮ ಭಕ್ತವರ್ಗದಲ್ಲೂ ಇದ್ದಾರೆ. ತಮ್ಮ ಮೊಮ್ಮಕ್ಕಳ ಶಾಲೆ ತೆರೆಯಬೇಕೆಂದು ಕೇಳುವವರು ಮೊದಲು ತಾವು ಲಸಿಕೆ ಹಾಕಿಸಿಕೊಳ್ಳಬೇಕೆಂದು ನಾವು ನೇರವಾಗಿಯೇ ಹೇಳುತ್ತಿದ್ದೇವೆ.

ಪಂಜಾಬ್ ರಾಜ್ಯ 2021ರ ಆಗಸ್ಟ್ 2ರಂದೇ ಎಲ್ಲ ತರಗತಿಗಳನ್ನು ತೆರೆಯಿತು. ನೆರೆಯ ತೆಲಂಗಾಣದಲ್ಲಿ ಸೆಪ್ಟೆಂಬರ್ 1ರಿಂದ, ಹಾಜರಾತಿ ಕಡ್ಡಾಯವಲ್ಲವೆಂಬ ನ್ಯಾಯಾಲಯದ ನಿರ್ದೇಶನದೊಂದಿಗೆ, ತರಗತಿಗಳು ನಡೆದವು. ನಮ್ಮಲ್ಲಿ ಸೋಂಕಿನ ಪ್ರಮಾಣ ಶೇ. 2ಕ್ಕಿಂತ ಕಡಿಮೆಯಿರುವ ಜಿಲ್ಲೆಗಳಲ್ಲಿ ಮಾತ್ರ ಶಾಲೆ ತೆರೆಯುವ ನಿಯಮವಿತ್ತು. ಅದು ಒಳ್ಳೆಯ ನಿಯಮ. ಆಗಸ್ಟ್ 23ರಂದು ಕೊಡಗು, ಹಾಸನ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳನ್ನು ಹೊರಗಿಟ್ಟು ಉಳಿದೆಡೆ ತರಗತಿ ಆರಂಭಿಸಿದ್ದು ಅದರಂತೆಯೇ. ಅದೇ ನಿಯಮವನ್ನು ಕಿರಿಯ ತರಗತಿಗಳಿಗೂ ಅನ್ವಯಿಸಲು ಅಡ್ಡಿಯೇನಿತ್ತೆಂಬುದು ನಮಗೆ ತಿಳಿಯದು. ಬೀದರಿನಲ್ಲೋ ಯಾದಗಿರಿಯಲ್ಲೋ ಎಂಟನೆಯ ತರಗತಿಗೆ ಸುರಕ್ಷಿತವಾದ ಗಾಳಿ ಎರಡನೆಯ ತರಗತಿಗೆ ವಿಷವಾಗುವುದೆಂತು?

ಕೆಲಸ ಅಸಾಧ್ಯವೆಂದೂ ಹೇಳುವಂತಿಲ್ಲ. 2020ರ ಜೂನ್ 25ರಿಂದ, ಲಸಿಕೆಯ ಸುಳಿವೂ ಇಲ್ಲದಾಗ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಇದೇ ಶಿಕ್ಷಣ ಇಲಾಖೆ ವ್ಯವಸ್ಥಿತವಾಗಿ ನಡೆಸಿತು. 2021ರ ಜುಲೈ 19 ಮತ್ತು 22ರಂದು ಎರಡು ದಿನದ ಪರೀಕ್ಷೆಯನ್ನೂ ನಡೆಸಿತು. ಬಾಗಿಲಲ್ಲಿ ತಾಪ ನೋಡಿ, ಕೈಗೆ ಸ್ಯಾನಿಟೈಸರ್ ಹಾಕಿ, ದೂರ ದೂರ ಕೂರಿಸಿ ಮಕ್ಕಳನ್ನು ಮನೆಗೆ ಕಳುಹಿಸಿತು. ಅಂದಿನ ಶಿಕ್ಷಣ ಸಚಿವರಾದ ಶ್ರೀ ಎಸ್. ಸುರೇಶ್ ಕುಮಾರ್ ಅವರ ನಿರ್ಧಾರವನ್ನು ಆಗ ಅನೇಕರು ಟೀಕಿಸಿದರು; ನಾವು ಅದನ್ನು ಮೆಚ್ಚುತ್ತೇವೆ. ಪ್ರಮಾಣಪತ್ರಕ್ಕಾಗಿ ಇಷ್ಟು ಸಿದ್ಧತೆ ಸಾಧ್ಯವಾದರೆ, ವರ್ಣಮಾಲೆಗಾಗಿ ಏಕೆ ಸಾಧ್ಯವಿಲ್ಲ? ಒಂದನೆಯ ತರಗತಿಯ ಮಗುವಿಗೆ ಪರೀಕ್ಷಾ ಮಂಡಳಿಯಿಲ್ಲ, ಅಂಕಪಟ್ಟಿಯಿಲ್ಲ. ಅದಕ್ಕೆ ಮತದಾನದ ಹಕ್ಕೂ ಇಲ್ಲ.

ಮತದಾನದ ಮಾತು ಬಂದ ಕಾರಣ ಒಂದು ಸಂಗತಿಯನ್ನು ಹೇಳದೆ ಇರಲಾರೆವು. 2021ರ ಏಪ್ರಿಲ್ ಆರಂಭದಲ್ಲಿ ಸೋಂಕು ಏರುತ್ತಿದೆಯೆಂದು ಆರರಿಂದ ಒಂಬತ್ತನೆಯ ತರಗತಿಗಳನ್ನು ನಿಲ್ಲಿಸಿದರು. ಅದೇ ದಿನಗಳಲ್ಲಿ ಬೆಳಗಾವಿ ಲೋಕಸಭೆ, ಮಸ್ಕಿ ಮತ್ತು ಬಸವಕಲ್ಯಾಣ ವಿಧಾನಸಭೆಗಳ ಉಪಚುನಾವಣೆಯ ಪ್ರಚಾರ ಭರದಿಂದ ಸಾಗಿತ್ತು. ಏಪ್ರಿಲ್ 17ರಂದು ಮತದಾನ ನಡೆಯಿತು. ಎಲ್ಲ ಪಕ್ಷಗಳೂ ಸಭೆ ನಡೆಸಿದವು, ಯಾವ ಒಂದು ಪಕ್ಷವನ್ನೂ ನಾವು ಬೇರೆಯಾಗಿ ದೂರುತ್ತಿಲ್ಲ. ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರು ಸೋಂಕಿಗೆ ಬಲಿಯಾದ ವರದಿಗಳು ಆಮೇಲೆ ಬಂದವು. ಪಾಠ ಹೇಳುವುದು ಅಪಾಯವೆಂದು ಶಾಲೆಯಿಂದ ಹೊರತಂದ ಶಿಕ್ಷಕರನ್ನು ಮತಗಟ್ಟೆಗೆ ಕಳುಹಿಸಿದಂತಾಯಿತು. ಅದೂ ಬಸವಕಲ್ಯಾಣದಲ್ಲಿ, ಶರಣರು ಅನುಭವ ಮಂಟಪದಲ್ಲಿ ಕುಳಿತು ಅರಿವನ್ನು ಎಲ್ಲರಿಗೂ ಹಂಚಿದ ನೆಲದಲ್ಲಿ.

ಶಾಲೆ ಮುಚ್ಚಿದಾಗ ಅಕ್ಷರದ ಜೊತೆಗೆ ಅನ್ನವೂ ನಿಂತಿತು. ನಮ್ಮ ರಾಜ್ಯದ ಮಧ್ಯಾಹ್ನದ ಬಿಸಿಯೂಟ ಯೋಜನೆಯ ಹೆಸರು ‘ಅಕ್ಷರ ದಾಸೋಹ’. ಎರಡು ದಶಕಗಳ ಹಿಂದೆ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಯೋಜನೆಯಿದು. ಶರಣರ ಮಾತೊಂದು ಸರ್ಕಾರಿ ಕಡತದಲ್ಲಿ ಸೇರಿ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಲ್ಪಟ್ಟದ್ದು ನಮಗೆಲ್ಲ ಹೆಮ್ಮೆಯ ವಿಷಯ. ಹದಿನೆಂಟು ತಿಂಗಳು ಆ ಒಲೆ ಹೊತ್ತಲಿಲ್ಲ. ಬದಲಿಗೆ ಒಣ ಪಡಿತರ ಕೊಡಲಾಯಿತು, ಅದೂ ಹಲವು ತಿಂಗಳು ತಡವಾಗಿ. ಅಕ್ಕಿ ಮನೆಗೆ ಬಂದರೆ ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಶಾಲೆಯ ತಟ್ಟೆಯಲ್ಲಿ ಬಡಿಸಿದ ಬಿಸಿ ಅನ್ನ ಸಾರು ಆ ಮಗುವಿನ ಹೊಟ್ಟೆಗೇ ಸೇರುತ್ತದೆ. ಜೊತೆಗೆ, ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಪಂಕ್ತಿಯೂ ಅದೇ. ಅದನ್ನು ಪಡಿತರ ಚೀಲ ಕೊಡಲಾರದು. 2021ರ ಸೆಪ್ಟೆಂಬರ್‌ನಲ್ಲಿ ತೆರೆದಿದ್ದ ತರಗತಿಗಳಲ್ಲೂ ಬಿಸಿಯೂಟ ಇನ್ನೂ ಆರಂಭವಾಗಿರಲಿಲ್ಲ. ಅದು ತಕ್ಷಣ ಆಗಬೇಕಾಗಿದ್ದ ಕೆಲಸ.

ನಮ್ಮ ಸಮುದಾಯದ ಹಿರಿಯರು ಇಂತಹ ಕಾಲವನ್ನು ಮೊದಲೂ ಕಂಡಿದ್ದರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲುಪಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ಬದುಕಿದರು. ರೋಗ ಮರಳಿ ಮರಳಿ ಬರುತ್ತಿದ್ದ ಅದೇ ದಶಕಗಳಲ್ಲಿ, 1904ರಲ್ಲಿ ಧಾರವಾಡದಲ್ಲಿ ಮಹಾಸಭೆಯ ಮೊದಲ ಅಧಿವೇಶನ ನಡೆಯಿತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಉಚಿತ ಪ್ರಸಾದ ನಿಲಯಗಳು ಒಂದೊಂದಾಗಿ ತಲೆಯೆತ್ತಿದ್ದೂ ಆ ಕಾಲದಲ್ಲೇ. ಅವರಲ್ಲಿ ಇಂದಿನಷ್ಟು ಹಣವಿರಲಿಲ್ಲ, ಔಷಧವಿರಲಿಲ್ಲ. ಮನೆ ಮನೆಗೆ ಜೋಳಿಗೆ ಹಿಡಿದು ಹೋಗಿ ಮಕ್ಕಳನ್ನು ಓದಿಸಿದರು.

ಇಂದು ನಮ್ಮ ಪ್ರಸಾದ ನಿಲಯಗಳಲ್ಲಿ ಕಿರಿಯ ಮಕ್ಕಳ ಹಾಸಿಗೆಗಳು ಸುತ್ತಿಟ್ಟಂತೆಯೇ ಇವೆ. ಒಂಬತ್ತು, ಹತ್ತನೆಯ ತರಗತಿಯ ಹುಡುಗರು ಮರಳಿದ್ದಾರೆ. ಎಲ್ಲರೂ ಮರಳಿಲ್ಲ. ಬಾರದವರ ಮನೆಗೆ ಕರೆ ಮಾಡಿದಾಗ ಬರುವ ಉತ್ತರಗಳನ್ನು ನಮ್ಮ ನಿಲಯದ ಪಾಲಕರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಒಬ್ಬ ಗ್ಯಾರೇಜಿನಲ್ಲಿದ್ದಾನೆ, ಒಬ್ಬ ಅಣ್ಣನೊಂದಿಗೆ ಪುಣೆಗೆ ಹೋಗಿದ್ದಾನೆ, ಇಬ್ಬರು ದ್ರಾಕ್ಷಿ ತೋಟದ ಕೂಲಿಗೆ. ಒಬ್ಬನ ತಂದೆ ಮೇ ತಿಂಗಳಿನಲ್ಲಿ ತೀರಿಕೊಂಡರು, ಈಗ ಎತ್ತುಗಳನ್ನು ನೋಡಿಕೊಳ್ಳುವವನು ಅವನೇ. ಬಾರದ ಹುಡುಗರ ಅಕ್ಕ ತಂಗಿಯರ ಬಗ್ಗೆ ಕೇಳಿದರೆ ಕೆಲವೆಡೆ ದೂರವಾಣಿಯ ಆ ಬದಿ ಮೌನವಾಗುತ್ತದೆ. ಆ ಮೌನದ ಅರ್ಥ ನಮಗೆ ತಿಳಿಯುತ್ತದೆ.

ಲಾಕ್‌ಡೌನ್ ಅವಧಿಯಲ್ಲಿ ಬಾಲ್ಯವಿವಾಹಗಳು ಹೆಚ್ಚಿದವೆಂದು ಹಲವು ಜಿಲ್ಲೆಗಳಿಂದ ವರದಿಯಾಗಿದೆ. ಖರ್ಚು ಕಡಿಮೆ, ನೆಂಟರು ಐವತ್ತೇ ಜನ, ಶಾಲೆಯಿಲ್ಲದ ಹುಡುಗಿ ಮನೆಯಲ್ಲೇ ಇದ್ದಾಳೆ. ತಂದೆ ತಾಯಿಯರಿಗೆ ಇದು ಅನುಕೂಲವೆಂದೇ ಕಂಡಿತು. ಬಡತನದ ಒತ್ತಡ ನಮಗೆ ಅರ್ಥವಾಗದೆ ಇಲ್ಲ. ಆದರೆ ಕರ್ನಾಟಕದ ತಿದ್ದುಪಡಿ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು, ನಡೆಸಿಕೊಟ್ಟವರೂ ಅಪರಾಧಿಗಳು. ಯಾವ ಮಠದ ಅಂಗಳದಲ್ಲೂ, ಯಾವ ಜಂಗಮರ ಸಮ್ಮುಖದಲ್ಲೂ ವಯಸ್ಸಿನ ದಾಖಲೆ ನೋಡದೆ ಮಾಂಗಲ್ಯಧಾರಣೆ ಆಗಕೂಡದು. ಆಧಾರ್ ಚೀಟಿ ಸಾಲದು, ಶಾಲೆಯ ದಾಖಲಾತಿ ಅಥವಾ ಜನನ ಪ್ರಮಾಣಪತ್ರ ಬೇಕು. ಶ್ರೀಮಠದ ಸಾಮೂಹಿಕ ವಿವಾಹಗಳಲ್ಲಿ ಈ ನಿಯಮ ಮೊದಲಿನಿಂದ ಇದೆ, ಮುಂದೆಯೂ ಇರುತ್ತದೆ. ಇದರಿಂದ ಬೇಸರಗೊಂಡ ಭಕ್ತರಿದ್ದಾರೆ. ಬೇಸರ ಹಾಗೇ ಇರಲಿ.

ಖಾಸಗಿ ಶಾಲೆಗಳ ಶಿಕ್ಷಕರ ಬಗ್ಗೆಯೂ ಒಂದು ಮಾತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿಗೆ ಸಂಬಳ ನಿಲ್ಲಲಿಲ್ಲ. ಅನುದಾನರಹಿತ ಶಾಲೆಗಳಲ್ಲಿ ಹತ್ತಾರು ವರ್ಷ ದುಡಿದವರು ತರಕಾರಿ ಮಾರಿದರು, ಉದ್ಯೋಗ ಖಾತರಿಯ ಕೆಲಸಕ್ಕೆ ಹೋದರು. ಸರ್ಕಾರ 2021ರ ಜೂನ್‌ನಲ್ಲಿ ಅವರಿಗೆ ಒಮ್ಮೆಗೆ 5,000 ರೂಪಾಯಿಯ ನೆರವು ಪ್ರಕಟಿಸಿತು. ಬೋಧನಾ ಶುಲ್ಕದ ಶೇ. 70ನ್ನು ಮಾತ್ರ ಪಡೆಯಬೇಕೆಂಬ 2021ರ ಜನವರಿಯ ಆದೇಶ ಪೋಷಕರಿಗೆ ನೆಮ್ಮದಿ ತಂದಿತಾದರೂ, ಆ ಶೇ. 70ನ್ನೂ ಕಟ್ಟದ ಅನುಕೂಲಸ್ಥರು ನಮ್ಮ ನಡುವೆ ಇದ್ದಾರೆ. ಕಾಯಕ ಮಾಡಿದವನಿಗೆ ಪ್ರತಿಫಲ ತಲುಪದಿದ್ದರೆ ಅದು ದಾಸೋಹವಾಗದು, ಶೋಷಣೆಯಾಗುತ್ತದೆ. ಶಕ್ತಿಯುಳ್ಳವರು ದಯವಿಟ್ಟು ಬಾಕಿ ತೀರಿಸಬೇಕು.

ಸರ್ಕಾರಕ್ಕೆ ಆಗಿನ ನಮ್ಮ ಬೇಡಿಕೆ ಇಷ್ಟೇ ಆಗಿತ್ತು. ಸೋಂಕಿನ ಪ್ರಮಾಣ ಶೇ. 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ, ಎಲ್ಲಿ ಶಿಕ್ಷಕರು ಲಸಿಕೆ ಪಡೆದಿದ್ದಾರೋ ಅಲ್ಲಿ, ಮಹಾನವಮಿಗೆ ಮೊದಲು ಒಂದರಿಂದ ಐದನೆಯ ತರಗತಿಗಳು ಆರಂಭವಾಗಬೇಕು. ಮೊದಲ ದಿನದಿಂದಲೇ ಒಲೆ ಹೊತ್ತಬೇಕು. ಮಹಾನವಮಿಯೇ ಏಕೆಂದರೆ, ಅದು ಕಳೆದೊಡನೆ ನಮ್ಮ ಭಾಗದ ಹಳ್ಳಿ ತಾಂಡಾಗಳಿಂದ ಕಬ್ಬು ಕಡಿಯುವ ಕುಟುಂಬಗಳು ಗಂಟುಮೂಟೆ ಕಟ್ಟಿ ಹೊರಡುತ್ತವೆ. ಶಾಲೆ ತೆರೆದಿದ್ದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಮುಚ್ಚಿದ್ದರೆ ಜೊತೆಗೇ ಕರೆದೊಯ್ಯುತ್ತಾರೆ. ಹಾಗೆ ಹೋದ ಮಗು ಯುಗಾದಿಯವರೆಗೆ ಮರಳುವುದಿಲ್ಲ. ಡಿಸೆಂಬರಿನಲ್ಲಿ ಶಾಲೆ ತೆರೆದರೂ ಆ ಮಗುವಿಗೆ ಅದು ತೆರೆದಂತಲ್ಲ. ಪೂಜ್ಯರ ಅಪ್ಪಣೆಯಂತೆ ಈ ಮನವಿಯನ್ನು ಜಿಲ್ಲಾಧಿಕಾರಿಗಳ ಮೂಲಕ ಅಂದಿನ ಶಿಕ್ಷಣ ಸಚಿವರಾದ ಶ್ರೀ ಬಿ.ಸಿ. ನಾಗೇಶ್ ಅವರಿಗೆ ಕಳುಹಿಸಲಾಗಿತ್ತು.

ಅಲ್ಲಿಯವರೆಗೆ ಕೈಕಟ್ಟಿ ಕೂರುವಂತಿಲ್ಲ. ಬರುವ ಸೋಮವಾರದಿಂದ ಶ್ರೀಮಠದ ದಾಸೋಹ ಭವನದ ಮುಂದಿನ ಬಯಲು ಮಂಟಪದಲ್ಲಿ, ಪ್ರತಿದಿನ ಸಂಜೆ 4ರಿಂದ 6ರವರೆಗೆ, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಓದು ಬರಹ ಮತ್ತು ಲೆಕ್ಕದ ಅಭ್ಯಾಸ ನಡೆಯಲಿದೆ. ಒಂದು ಗುಂಪಿನಲ್ಲಿ ಹನ್ನೆರಡು ಮಕ್ಕಳಿಗಿಂತ ಹೆಚ್ಚಿರುವುದಿಲ್ಲ. ಕಲಿಸುವವರೆಲ್ಲ ಲಸಿಕೆ ಪಡೆದವರು. ಅಭ್ಯಾಸ ಮುಗಿದ ಮೇಲೆ ಪ್ರಸಾದವಿದೆ. ಯಾವ ಜಾತಿ, ಯಾವ ಮತದ ಮಗುವಾದರೂ ಬರಬಹುದು, ಹೆಸರು ನೋಂದಾಯಿಸಿದರೆ ಸಾಕು. ನಿವೃತ್ತ ಶಿಕ್ಷಕರು, ಶಿಕ್ಷಣ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಯುವಕ ಯುವತಿಯರು ವಾರಕ್ಕೆರಡು ಸಂಜೆ ಕೊಡಬೇಕೆಂದು ಕೋರುತ್ತೇವೆ. ಶಾಖಾ ಮಠಗಳಿರುವ ಊರುಗಳ ಭಕ್ತರು ತಮ್ಮ ಓಣಿಯಲ್ಲಿ ಶಾಲೆ ಬಿಟ್ಟಿರುವ, ಕೆಲಸಕ್ಕೆ ಹೋಗುತ್ತಿರುವ ಹಾಗೂ ಕೋವಿಡ್‌ನಿಂದ ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳ ವಿವರವನ್ನು ಮಹಾನವಮಿಯೊಳಗೆ ಆಯಾ ಶಾಖಾ ಮಠದ ವ್ಯವಸ್ಥಾಪಕರಿಗೆ ತಲುಪಿಸಬೇಕು. ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಸರ್ಕಾರದ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ದೊರೆಯುತ್ತಿತ್ತು. ಅದರ ಅರ್ಜಿ ಬರೆದುಕೊಡಲು ಕಾರ್ಯಾಲಯದಲ್ಲಿ ಒಬ್ಬರನ್ನು ನೇಮಿಸಲಾಗಿತ್ತು. ಬರುವಾಗ ಮರಣ ಪ್ರಮಾಣಪತ್ರ ಮತ್ತು ಮಗುವಿನ ಶಾಲಾ ದಾಖಲೆಯನ್ನು ತರಬೇಕಿತ್ತು.